ಭಾಗ್ಯಳ ಹೆಸರಿಗೆ ವಿಮಲಮ್ಮನ ಬೆರಳು

ಹುಣಸೂರು ಸೀಮೆಯಲ್ಲಿ ಗುರುಪುರದ ಆಚೆಗಿನ ಹೊಗೆಸೊಪ್ಪಿನ ಊರುಗಳಲ್ಲಿ ಮುಯ್ಯಾಳು ಅನ್ನುವ ಪದ್ಧತಿ ಇನ್ನೂ ಉಳಿದಿದೆ. ಇವತ್ತು ನಿಮ್ಮ ಹೊಲಕ್ಕೆ ನಾವು ಬಂದರೆ ನಾಳೆ ನಮ್ಮ ಹೊಲಕ್ಕೆ ನೀವು ಬರಬೇಕು. ನಿಮಗೆ ಆಗದಿದ್ದರೆ ನಿಮ್ಮ ಮನೆಯ ಇನ್ನೊಬ್ಬರು ಬಂದರೂ ನಡೆಯುತ್ತದೆ. ಬೇಕಾದದ್ದು ಒಂದು ಆಳು, ಇಂಥವರೇ ಅಂತಿಲ್ಲ. ವಿಮಲಮ್ಮ ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ. ಆದ್ದರಿಂದ ಆಕೆ ಮೊದಲು ಮಾಡಿದ್ದನ್ನು ಮೋಸ ಅನ್ನುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಆಮೇಲೆ ಮಾಡಿದ್ದಕ್ಕೆ ಏನು ಬೇಕಾದರೂ ಅನ್ನಿ.

ಹನ್ನೆರಡು ವರ್ಷದ ಹಿಂದೆ ಊರ ಶಾಲೆಯಲ್ಲಿ ಆಧಾರ್ ಕಾರ್ಡು ಮಾಡಿಸುವ ಕ್ಯಾಂಪು ಹಾಕಿದ್ದರು. ಇದ್ದದ್ದು ಮೂರೇ ದಿನ. ವಿಮಲಮ್ಮನ ಗಂಡ ದೇವರಾಜು ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆಕೆ ಮೈದುನ ಮಹೇಂದ್ರನ ಮನೆಯಲ್ಲೇ ಇದ್ದಳು. ಮಹೇಂದ್ರನ ಹೆಂಡತಿ ಭಾಗ್ಯ ಬಾಣಂತನಕ್ಕೆಂದು ಹೊಸ ಅಗ್ರಹಾರದ ತವರಿಗೆ ಹೋಗಿದ್ದಳು. ಕಾರ್ಡು ಇಲ್ಲದಿದ್ದರೆ ಮುಂದೆ ಏನೂ ಸಿಗುವುದಿಲ್ಲವೆಂದು ಊರೆಲ್ಲ ಹೆದರಿತ್ತು. ಮಹೇಂದ್ರ ತಲೆ ಕೆರೆದುಕೊಂಡು ಕೂತಿದ್ದಾಗ ವಿಮಲಮ್ಮನೇ ಅಂದಳು, ಅವಳ ಬದಲು ತಾನು ಹೋಗಿ ಕೊಟ್ಟು ಬರುತ್ತೇನೆ, ತನ್ನದನ್ನು ನಾಳೆ ಮಾಡಿಸಿದರಾಯಿತು ಎಂದು. ಸೆರಗು ಹೊದ್ದು ಹೋದಳು. ಭಾಗ್ಯಳ ಹೆಸರು ಹೇಳಿ ಹತ್ತು ಬೆರಳೂ ಒತ್ತಿದಳು, ಎರಡು ಕಣ್ಣೂ ತೋರಿಸಿದಳು, ಫೋಟೋಕ್ಕೂ ಕೂತಳು. ಆಪರೇಟರು ತೂಕಡಿಸುತ್ತಿದ್ದ. ಮಾರನೆ ದಿನ ಬೇರೊಬ್ಬ ಆಪರೇಟರ ಮುಂದೆ ತನ್ನ ಹೆಸರಿನಲ್ಲಿ ಅದೇ ಬೆರಳನ್ನು ಕೊಟ್ಟು ಬಂದಳು.

ಭಾಗ್ಯಳ ಕಾರ್ಡು ಬಂತು, ವಿಮಲಮ್ಮನ ಮುಖ ಹೊತ್ತುಕೊಂಡು. ವಿಮಲಮ್ಮನದು ಬರಲಿಲ್ಲ. ಈ ಬೆರಳಿಗೆ ಈಗಾಗಲೇ ಒಂದು ಕಾರ್ಡು ಕೊಟ್ಟಾಗಿದೆ ಎಂದು ಕಾಗದ ಬಂತು. ನಿಜ ಹೇಳಿದರೆ ಮೂವರೂ ಜೈಲಿಗೆ ಹೋಗಬೇಕಾಗುತ್ತದೆ ಎಂದು ಮಹೇಂದ್ರ ಹೆದರಿಸಿದ. ಅಲ್ಲಿಗೆ ಎಲ್ಲರೂ ಬಾಯಿ ಹೊಲಿದುಕೊಂಡರು.

ಕಾರ್ಡಿಲ್ಲದ ತಪ್ಪಿಗೆ ವಿಮಲಮ್ಮನ ವಿಧವಾ ವೇತನ ನಿಂತಿತು, ರೇಷನ್ನಿನಿಂದ ಹೆಸರು ಹೋಯಿತು. ಆದರೆ ಭಾಗ್ಯಳ ಹೆಸರಿನಲ್ಲಿ ಏನೇ ಬರಬೇಕಾದರೂ ವಿಮಲಮ್ಮನ ಹೆಬ್ಬೆಟ್ಟೇ ಬೇಕು. ಬ್ಯಾಂಕಿಗೆ ಅವಳೇ, ರೇಷನ್ ಅಂಗಡಿಯ ಪರಿಶೀಲನೆಗೆ ಅವಳೇ. ಬಸ್ಸಿನಲ್ಲಿ ಆ ಕಾರ್ಡು ತೋರಿಸಿ ವಿಮಲಮ್ಮ ಪುಕ್ಕಟೆ ಓಡಾಡುತ್ತಿದ್ದಳು. ಭಾಗ್ಯ ತನ್ನದೇ ಹೆಸರಿನ ಕಾರ್ಡಿದ್ದೂ ಟಿಕೆಟ್ ತಗೊಳ್ಳುತ್ತಿದ್ದಳು. ಮೊದಮೊದಲು ವಿಮಲಮ್ಮನಿಗೆ ಇದರಿಂದ ಸಂಕಟವಾಗುತ್ತಿತ್ತು. ಆಮೇಲೆ ರುಚಿ ಹತ್ತಿತು. ಭಾಗ್ಯಳ ಕೆಲಸಕ್ಕೆ ಹೊರಡುವ ಹೊತ್ತಿಗೆ ಅವಳಿಗೆ ತಲೆನೋವು ಬರುತ್ತಿತ್ತು. ಭಾಗ್ಯ ಬಿಸಿನೀರು ಕಾಯಿಸಿ, ಎಣ್ಣೆ ಹಚ್ಚಿ, ಕಾಫಿ ಕೊಟ್ಟು, ಅಕ್ಕ ಅಕ್ಕ ಎಂದು ಹಿಂದೆ ಸುತ್ತಿದ ಮೇಲೆ ತಲೆನೋವು ಇಳಿಯುತ್ತಿತ್ತು. ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸಿಗೆ ಆ ಮನೆಯಲ್ಲಿ ಬೇರೆ ಯಾವ ಅಧಿಕಾರವೂ ಇರಲಿಲ್ಲ. ಇದ್ದ ಒಂದನ್ನು ಅವಳು ಚೆನ್ನಾಗಿಯೇ ಚಲಾಯಿಸಿದಳು.

ಭಾಗ್ಯಳೂ ಸಾಧು ಹೆಂಗಸಲ್ಲ. ಹೋದ ವರ್ಷ ಸೊಪ್ಪು ಕಟ್ಟುವ ದಿನಗಳಲ್ಲಿ ಹತ್ತು ಹೆಂಗಸರು ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿನ ಮುಂದೆ ಕೂತು ಕಡ್ಡಿಗೆ ಹಸಿರೆಲೆ ಕಟ್ಟುತ್ತಿದ್ದಾಗ ಯಾರೋ ವಿಮಲಮ್ಮನ ಕೈಚಳಕವನ್ನು ಹೊಗಳಿದರು. ಭಾಗ್ಯ ತಲೆ ಎತ್ತದೆ ಹೇಳಿದಳು: "ಆವಮ್ಮಂಗೆ ಆ ಎಬ್ಬೆಟ್ಟೊಂದು ಬುಟ್ರೆ ಇನ್ನೇನೈತೆ?"

ಓದುಬರಹ ಬಾರದ್ದಕ್ಕೆ ಅಂದಳು ಅಂದುಕೊಂಡು ಎಲ್ಲರೂ ನಕ್ಕರು. ವಿಮಲಮ್ಮನ ಮುಖಕ್ಕೆ ಹೊಡೆದ ಹಾಗಾಯಿತು. ಅವಳು ಕೈಯಲ್ಲಿದ್ದ ಕಡ್ಡಿ ತುಂಬಿಸಿದಳು.

ಅದಾದ ನಾಲ್ಕನೇ ದಿನ ಭಾಗ್ಯಳಿಗೆ ಹೊಟ್ಟೆನೋವು ಬಂತು. ಮಹೇಂದ್ರ ಅವಳನ್ನು ಮೈಸೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಕರುಳು ತೂತಾಗಿದೆ, ಇವತ್ತೇ ಆಪರೇಷನ್ ಆಗಬೇಕು ಅಂದರು. ಸರ್ಕಾರದ ಯೋಜನೆಯಲ್ಲಿ ಸೇರಿಸಬಹುದು, ಕೌಂಟರಿನಲ್ಲಿ ಕಾರ್ಡು ಕೊಟ್ಟು ಹೆಬ್ಬೆಟ್ಟು ಒತ್ತಿದರೆ ಸಾಕು ಅಂದರು. ಭಾಗ್ಯಳ ಬೆರಳು ಇಟ್ಟರೆ ಮಿಷನ್ನು ಒಪ್ಪುವುದಿಲ್ಲ. ಒಪ್ಪದೆಂದು ಮಹೇಂದ್ರನಿಗೆ ಗೊತ್ತಿತ್ತು. ಯೋಜನೆಗೆ ಸೇರದಿದ್ದರೆ ಆಪರೇಷನ್ನಿಗೆ ಮೊದಲೇ ದುಡ್ಡು ಕಟ್ಟಬೇಕಿತ್ತು, ಅಷ್ಟು ದುಡ್ಡು ಅವನ ಹತ್ತಿರ ಇರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಅವನು ಫೋನು ಮಾಡಿದ. ಕೌಂಟರು ಕೆಳಗಿದೆ, ರೋಗಿ ಮೇಲಿದ್ದಾಳೆ, ಯಾರೂ ಮುಖ ನೋಡುವುದಿಲ್ಲ, ಸೆರಗು ಹೊದ್ದು ಈಗಲೇ ಬಾ ಎಂದು ಬೇಡಿಕೊಂಡ.

ಎರಡು ಗಂಟೆಗೆ ಬಸ್ಸಿತ್ತು. ನಾಲ್ಕಕ್ಕೆ ಅಲ್ಲಿರಬಹುದಿತ್ತು. ವಿಮಲಮ್ಮನ ಕೈತುಂಬ ಸೊಪ್ಪಿನ ಅಂಟು ಕಪ್ಪಗೆ ಹತ್ತಿಕೊಂಡಿತ್ತು.

"ಬ್ಯಾರನ್ ಅರ್ಧ ತುಂಬೈತೆ ಕಣಪ್ಪ," ಅಂದಳು. "ಕೈಯೆಲ್ಲ ಅಂಟು. ಮಿಷನ್ಗೆ ಇಡಿಯಕಿಲ್ಲ. ಬೆಳಗ್ಗೆ ಮೊದಲ್ನೇ ಬಸ್ಸಿಗೆ ಬತ್ತೀನಿ."

ಅಂಟು ಹುಣಸೆಹಣ್ಣು ಹಾಕಿ ಉಜ್ಜಿದರೆ ಕಾಲು ಗಂಟೆಯಲ್ಲಿ ಹೋಗುತ್ತದೆ. ಆ ಊರಿನ ಮಕ್ಕಳಿಗೂ ಅದು ಗೊತ್ತು. ಭಾಗ್ಯ ಸಾಯಲಿ ಎಂದು ವಿಮಲಮ್ಮ ಅಂದುಕೊಳ್ಳಲಿಲ್ಲ, ಅಷ್ಟು ಮಾತ್ರ ನಿಜ. ಒಂದು ದಿನ ನರಳಲಿ, ತನ್ನ ಹೆಬ್ಬೆಟ್ಟಿನ ಬೆಲೆ ಏನೆಂದು ತಿಳಿಯಲಿ ಅಂದುಕೊಂಡಳು. ಮಹೇಂದ್ರ ಮತ್ತೆ ನಾಲ್ಕು ಸಲ ಫೋನು ಮಾಡಿದ. ಅವಳು ಎತ್ತಲಿಲ್ಲ, ಸಂಜೆಯವರೆಗೆ ಕೂತು ಸೊಪ್ಪು ಕಟ್ಟಿದಳು.

ಬೆಳಿಗ್ಗೆ ಕೈ ಚೆನ್ನಾಗಿ ಉಜ್ಜಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಹೋದಳು. ಆಸ್ಪತ್ರೆಯ ಹಿಂದಿನ ಬಾಗಿಲಲ್ಲಿ ಮಹೇಂದ್ರ ಹೆಣದ ಪಕ್ಕ ನಿಂತಿದ್ದ. ಅವಳನ್ನು ನೋಡಿದ, ಅವಳ ಕೈಗಳನ್ನು ನೋಡಿದ. ವಿಮಲಮ್ಮ ಎದೆ ಬಡಿದುಕೊಂಡು ಅತ್ತಳು. ಆ ಅಳು ಸುಳ್ಳಲ್ಲ.

ತಿಥಿ ಮುಗಿದ ಮಾರನೆ ದಿನವೇ ಮಹೇಂದ್ರ ಮೈಸೂರಿಗೆ ಹೋಗಿ ಹೆಂಡತಿಯ ಸಾವನ್ನು ಬರೆಸಿದ. ಸತ್ತವಳ ಕಾರ್ಡನ್ನೂ ರದ್ದು ಮಾಡಿಸಿದ. ಅದನ್ನು ಯಾರೂ ಕೇಳಿರಲಿಲ್ಲ. ಅವನೇ ಎರಡು ದಿನ ಅಲೆದು ಮಾಡಿಸಿದ.

ಇನ್ನು ಈ ಮನೆಯಲ್ಲಿ ತನಗೆ ಅನ್ನ ಹಾಕುವವರಿಲ್ಲ ಎಂದು ವಿಮಲಮ್ಮನಿಗೆ ಬೇಗ ಗೊತ್ತಾಯಿತು. ಮಹೇಂದ್ರ ಮಗಳನ್ನು ಹೊಸ ಅಗ್ರಹಾರದ ಅಜ್ಜಿಯ ಮನೆಗೆ ಬಿಟ್ಟು ಬಂದಿದ್ದ, ವಿಮಲಮ್ಮನ ಜೊತೆ ಮಾತು ಬಿಟ್ಟಿದ್ದ. ತನ್ನ ಹೆಸರಿನಲ್ಲಿ ಒಂದು ಕಾರ್ಡಾದರೆ ವಿಧವಾ ವೇತನ ಮತ್ತೆ ಬರುತ್ತದೆ, ಅಕ್ಕಿ ಬರುತ್ತದೆ, ಹೇಗೋ ಬೇರೆ ಇರಬಹುದು ಎಂದುಕೊಂಡು ಹುಣಸೂರಿನ ಆಧಾರ್ ಸೆಂಟರಿಗೆ ಹೋದಳು. ಅಲ್ಲಿದ್ದ ಹುಡುಗಿ ರಮ್ಯಶ್ರೀ ಬೆರಳು ತಗೊಂಡು, ಪರದೆ ನೋಡಿ, ಮತ್ತೊಮ್ಮೆ ತಗೊಂಡಳು.

"ಈ ಬೆರಳಿನವ್ರು ತೀರ್ಕೊಂಡವ್ರೆ ಅಂತ ಬತ್ತಾ ಐತೆ, ಅಮ್ಮ," ಅಂದಳು.

ಸಾವು ಬರೆಸಿದವರೇ ಬಂದು, ಸತ್ತವಳು ಬೇರೆ, ಇವಳು ಬೇರೆ, ಇವಳ ಹೆಸರು ಇಂಥದ್ದು ಎಂದು ಬರೆದುಕೊಟ್ಟರೆ ಮೇಲಿನವರಿಗೆ ಕಳಿಸಬಹುದು ಎಂದು ರಮ್ಯಶ್ರೀ ಹೇಳಿದಳು. ಬೇರೆ ದಾರಿ ತನಗೆ ಗೊತ್ತಿಲ್ಲ ಅಂದಳು.

ವಿಮಲಮ್ಮ ಆರು ದಿನ ಮಹೇಂದ್ರನ ಹಿಂದೆ ತಿರುಗಿದಳು. ಅವನಿಗೆ ನೀರು ಕಾಯಿಸಿದಳು, ಬಟ್ಟೆ ಒಗೆದಳು, ಕಾಲಿಗೂ ಬಿದ್ದಳು. ಏಳನೆಯ ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೈಕು ತೆಗೆದು, ಹತ್ತು ಅಂದ. ದಾರಿಯುದ್ದಕ್ಕೂ ವಿಮಲಮ್ಮ ಮನಸ್ಸಿನಲ್ಲೇ ಅವನನ್ನು ಹರಸಿದಳು. ಎಷ್ಟಾದರೂ ಒಂದೇ ಮನೆಯವರು, ಕ್ಷಮಿಸಿದ್ದಾನೆ ಅಂದುಕೊಂಡಳು.

ರಮ್ಯಶ್ರೀ ಪರದೆಯನ್ನು ಅವನ ಕಡೆ ತಿರುಗಿಸಿದಳು. ಅದರಲ್ಲಿ ಭಾಗ್ಯ ಎಂಬ ಹೆಸರು, ಅದರ ಕೆಳಗೆ ಹನ್ನೆರಡು ವರ್ಷ ಚಿಕ್ಕವಳಾದ ವಿಮಲಮ್ಮನ ಮುಖ.

"ಫೋಟೋದಲ್ಲಿರೋರು ಇವ್ರೇ ಅಲ್ವಾ, ಅಣ್ಣ?"

ಮಹೇಂದ್ರ ಬಗ್ಗಿ ನಿಧಾನವಾಗಿ ನೋಡಿದ.

"ಇಲ್ಲ ಕಣಮ್ಮ. ಆ ಫೋಟೋದಲ್ಲಿರೋಳು ನನ್ ಎಂಡ್ತಿ. ಅವಳ್ನ ನಾನೇ ಮಣ್ ಮಾಡಿ ಬಂದಿವ್ನಿ."

ಹಾಗಾದರೆ ಇವರು ಯಾರು ಎಂದು ರಮ್ಯಶ್ರೀ ಕೇಳಿದಳು. ಗೊತ್ತಿಲ್ಲ ಎಂದು ಹೇಳಿ ಅವನು ಮೆಟ್ಟಿಲಿಳಿದು ಹೋದ. ಹೊರಗೆ ಬೈಕಿನ ಸದ್ದು ಕೇಳಿತು. ರಮ್ಯಶ್ರೀ ಪರದೆಯ ಮುಖವನ್ನೂ ಎದುರಿಗಿದ್ದ ಮುಖವನ್ನೂ ಇನ್ನೊಂದು ಸಲ ನೋಡಿದಳು. ಆಮೇಲೆ ಹಿಂದಿನವರಿಗೆ ಜಾಗ ಬಿಡಿ ಎಂದು ವಿಮಲಮ್ಮನಿಗೆ ಹೇಳಿದಳು.