ಅಕ್ಷೋಭ್ಯರಾಯರ ಅರ್ತಿಂಗ್

ಸೇಲಂನ ನಮ್ಮ ಮನೆ ಓನರ್ ಅಕ್ಷೋಭ್ಯರಾಯರ ಪ್ರಕಾರ ಶಾಕ್ ತಡೆಯುವ ಅರ್ತಿಂಗ್ ಎಂದರೆ ಒಂದು ಜೊತೆ ರಬ್ಬರ್ ಚಪ್ಪಲಿ. ಹಿತ್ತಲಿನ ಮೋಟಾರಿನ ಕಬ್ಬಿಣದ ಸ್ವಿಚ್ ಪೆಟ್ಟಿಗೆಯ ಕೆಳಗೆ ಅದನ್ನು ದೇವರ ಪಾದುಕೆಯಂತೆ ಜೋಡಿಸಿಟ್ಟಿದ್ದಾರೆ; ಶಾಕ್ ಹೊಡೆಯಿತು ಎಂದು ಬಾಡಿಗೆಯವರು ಯಾರು ದೂರಿದರೂ ಮೊದಲು ಅವರ ಕಾಲು ನೋಡುತ್ತಾರೆ. ಅರ್ತಿಂಗ್‌ಗೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ತಂತಿ ಇಳಿಸಿ, ದಿನಾ ನೀರು ಹಾಕಬೇಕು ಎಂದ ವೈರ್‌ಮ್ಯಾನ್‌ಗೆ ಸಿಕ್ಕಿದ್ದು ರಾಯರ ಗಹಗಹಿಸುವ ನಗು. "ಏನಪ್ಪಾ, ಮನುಷ್ಯರಿಗೇ ವಾರಕ್ಕೊಂದ್ಸಲ ನಲ್ಲೀಲಿ ತಣ್ಣಿ ಬರತ್ತೆ, ನಿನ್ನ ಗುಂಡಿಗೆ ದಿನಾ ಅಭಿಷೇಕವಾ? ಚಪ್ಪಲಿ ಸಾಕು, ಪೋದುಮ್!" ಮೊನ್ನೆ ಅವರ ಹೆಂಡತಿ ಸುಭದ್ರಮ್ಮ ಅದೇ ಚಪ್ಪಲಿ ಮೆಟ್ಟಿಕೊಂಡು ಸ್ವಿಚ್ಚಿಗೆ ಕೈ ಚಾಚಿದರು. ರಾಯರು ಪಂಚೆ ಎತ್ತಿಕೊಂಡು ಓಡಿ ಬಂದರು. "ಅಯ್ಯೋ, ಮುಟ್ಟಬೇಡ ಕಣೇ! ಬಾಡಿಗೆಯವರನ್ನ ಕರಿ, ಅವರು ಹಾಕ್ತಾರೆ."