ಮುಳ್ಳು ಹಾರದ ಮಧ್ಯಾಹ್ನ

ಸ್ನೇಹಿತರಿಗೆ ಇದನ್ನು ಹೇಳುವಾಗ ನಗೆಯ ಪ್ರಸಂಗವಾಗಿ ಹೇಳುತ್ತೇನೆ. ಕಲ್ಲು ಬರುತ್ತದೆ, ಸೈಕಲ್ ಟ್ಯೂಬು ಬರುತ್ತದೆ, ಕೇಳಿದವರು ನಗುತ್ತಾರೆ, ನಾನು ಅಲ್ಲಿಗೆ ನಿಲ್ಲಿಸುತ್ತೇನೆ. ನಿಲ್ಲಿಸಬೇಕಾದದ್ದು ಅಲ್ಲಲ್ಲ. ಎಷ್ಟು ಸಲ ಹಾಗೆ ಹೇಳಿದ್ದೇನೆಂದರೆ, ಈಗ ಆ ಮಧ್ಯಾಹ್ನವನ್ನು ನೆನೆದರೆ ನಗುವವರ ಮುಖಗಳೇ ಮೊದಲು ಕಾಣುತ್ತವೆ.

ರಾಜಧಾನಿಯಲ್ಲಿ, ಹೌಜ್ ಖಾಸ್‌ನ ಒಂದು ಒಳಗಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ನಾನು ಮತ್ತು ಹೆಂಡತಿ, ಇಬ್ಬರೇ. ಪಕ್ಕದ ಹಳೆಯ ಮನೆಯನ್ನು ಬಿಲ್ಡರ್ ಕೆಡವಿಸಿ ಬೇಸ್‌ಮೆಂಟಿಗೆ ನೆಲ ಅಗೆಸುತ್ತಿದ್ದ. ಕೆಳಗೆ ಬಂಡೆ ಸಿಕ್ಕಿತ್ತು. ಯಂತ್ರ ಅದಕ್ಕೆ ಗುದ್ದಿದಾಗಲೆಲ್ಲ ನಮ್ಮ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ಹಾಲ್‌ನಲ್ಲಿ ರೆಕಾರ್ಡಿನ ಮೇಲಿನ ಮುಳ್ಳು ಹಾರುತ್ತಿತ್ತು.

ಅದು ಹೆಂಡತಿಯ ರೆಕಾರ್ಡು. ಮೈಸೂರಿನ ಅವಳ ವೀಣೆ ಮೇಷ್ಟ್ರು ಬದುಕಿನಲ್ಲಿ ತಂದದ್ದು ಅದೊಂದೇ. ಧ್ವನಿಮುದ್ರಣದ ದಿನ ಅವರ ಹಿಂದೆ ಕೂತು ತಂಬೂರಿ ಮೀಟಿದವಳು ಇವಳು. ಆಗ ಹತ್ತೊಂಬತ್ತು ವರ್ಷ. ಕವರಿನ ಮೇಲೆ ಇವಳ ಹೆಸರಿಲ್ಲ. ಆಲಾಪನೆ ಮುಗಿದು ನುಡಿಸುವ ತಾನದ ನಡುವೆ ಇವಳು ತೂಕಡಿಸಿ ತಂಬೂರಿ ನಿಲ್ಲಿಸಿಬಿಟ್ಟಳೆಂದು ಮೇಷ್ಟ್ರು ಕೊನೆಯವರೆಗೂ ಕಂಡವರಿಗೆಲ್ಲ ಹೇಳಿ ನಗುತ್ತಿದ್ದರಂತೆ. ಇವಳು ಇಲ್ಲವೆನ್ನುತ್ತಾಳೆ.

"ನಿಲ್ಲಿಸಿದ್ನೋ ಇಲ್ವೋ, ಒಂದ್ಸಲ ಪೂರ್ತಿ ಕೇಳ್ಬೇಕು ರೀ. ಅಷ್ಟೇ ನಂಗೆ ಬೇಕಾಗಿರೋದು."

ವೀಣೆ ಯಾರಿಗಾದರೂ ಕೇಳುತ್ತದೆ. ಹಿಂದಿನ ತಂಬೂರಿ ಕೇಳಬೇಕಾದರೆ ಮನೆ ಪೂರ್ತಿ ಅಲುಗದೆ ಇರಬೇಕು. ಇನ್ನೊಂದು ಪ್ರತಿ ಎಲ್ಲೂ ಸಿಕ್ಕಿಲ್ಲ. ಇದ್ದ ಪ್ರತಿಯ ಮೇಲೆ ಮುಳ್ಳು ಹಾರಿದಷ್ಟೂ ಗೀರು.

ಹಾಗಾಗಿ ನಾನು ಕೆಲಸ ಹಿಡಿದೆ. ಪ್ಲೇಯರಿನ ಕೆಳಗೆ ಮೊದಲು ಸ್ಪಂಜು ಇಟ್ಟೆ. ಗುದ್ದು ಕಮ್ಮಿಯಾಯಿತು, ಆದರೆ ನಾವು ನಡೆದರೆ ಪ್ಲೇಯರು ದೋಣಿಯಂತೆ ತೂಗಾಡಿತು. ಸ್ಕ್ವಾಶ್ ಚೆಂಡುಗಳನ್ನು ಅರ್ಧಕ್ಕೆ ಕತ್ತರಿಸಿ ನಾಲ್ಕು ಮೂಲೆಗೆ ಕೊಟ್ಟೆ. ಕೊನೆಗೆ ಸೈಕಲ್ ಟ್ಯೂಬಿಗೆ ಅರೆಬರೆ ಗಾಳಿ ತುಂಬಿ, ಅದರ ಮೇಲೆ ದಪ್ಪ ಕಲ್ಲಿನ ಚಪ್ಪಡಿ, ಚಪ್ಪಡಿಯ ಮೇಲೆ ಪ್ಲೇಯರು. ಕಲ್ಲು ಕತ್ತರಿಸಿಕೊಟ್ಟವನು, ಮನೆಯಲ್ಲಿ ದೇವರ ಮಂಟಪಕ್ಕೋ ಎಂದು ಕೇಳಿದ್ದ.

"ನಹೀಂ ಭಯ್ಯಾ, ಗಾನಾ ಸುನ್ನೇ ಕೀ ಮಶೀನ್ ಕೇ ನೀಚೇ," ಹಾಡು ಕೇಳುವ ಯಂತ್ರದ ಕೆಳಗಿಡಲು ಎಂದೆ.

"ಅಚ್ಛಾ," ಎಂದ. "ಮತ್ಲಬ್ ಮಂದಿರ್ ಹೀ ಹುವಾ." ಅವನ ಲೆಕ್ಕದಲ್ಲಿ ಅದೂ ಗುಡಿಯೇ.

ಕಲ್ಲಿನ ಮೇಲೆ ಬಟ್ಟಲಲ್ಲಿ ನೀರಿಟ್ಟು ಅದರ ಅಲೆಯನ್ನು ನೋಡುತ್ತ ಎಷ್ಟೋ ಭಾನುವಾರ ಕಳೆದೆ. ಅಲೆ ಸಣ್ಣದಾಗುತ್ತ ಬಂತು. ಇಲ್ಲವಾಗಲಿಲ್ಲ. "ನೀರು ನೋಡ್ತಾ ಕೂತ್ಕೊಳೋಕೆ ಋಷಿ ಆಗ್ಬೇಕಿತ್ತು ನೀವು," ಎಂದಳು ಹೆಂಡತಿ.

ನವೆಂಬರಿನಲ್ಲಿ ಒಂದು ದಿನ ಬಟ್ಟಲು ತಾನಾಗಿಯೇ ಸುಮ್ಮನಾಯಿತು. ಕೆಳಗಿಳಿದು ನೋಡಿದರೆ ಯಂತ್ರ ನಿಂತಿದೆ, ಕಾವಲಿನವನು ಬಿಸಿಲಿಲ್ಲದ ಬಿಸಿಲಿಗೆ ಕುರ್ಚಿ ಹಾಕಿಕೊಂಡಿದ್ದಾನೆ.

"ಕಾಮ್ ಬಂದ್ ಹೈ ಸಾಬ್. ಹವಾ ಖರಾಬ್ ಹೋ ಗಯೀ."

ಗಾಳಿ ಕೆಟ್ಟು ಹೋದರೆ ಈ ಊರಿನಲ್ಲಿ ಕಟ್ಟಡದ ಕೆಲಸ ನಿಲ್ಲಿಸುತ್ತಾರೆ. ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಹೆಂಡತಿಗೆ ಉಬ್ಬಸ. ಕಿಟಕಿಗಳ ಸಂದಿಗೆ ಟೇಪು ಹಚ್ಚಿ, ಹಾಲ್‌ನಲ್ಲಿ ಏರ್ ಪ್ಯೂರಿಫೈಯರನ್ನು ಪೂರ್ತಿ ವೇಗಕ್ಕಿಟ್ಟು ಅವಳು ಅದರ ಪಕ್ಕವೇ ಕೂರುತ್ತಿದ್ದಳು. ಕಲ್ಲಿನ ಮೇಲೆ ಅಂಗೈ ಇಟ್ಟರೆ ಆ ಯಂತ್ರದ ಗುಂಯ್ ಕೈಗೆ ತಿಳಿಯುತ್ತಿತ್ತು. ಅದು ಓಡುತ್ತಿರುವವರೆಗೆ ತಂಬೂರಿ ಕೇಳುವ ಮಾತಿಲ್ಲ.

ಅದನ್ನು ಆಫ್ ಮಾಡಿದವಳು ಅವಳೇ ಎಂದು ಬಹಳ ದಿನ ಹೇಳಿಕೊಂಡು ಬಂದೆ. "ಇಪ್ಪತ್ತು ನಿಮಿಷ ತಾನೇ, ಆಗ್ಲಿ," ಎಂದಳೆಂದು ನೆನಪು. ಆದರೆ ಅದರ ಸ್ವಿಚ್ಚು ಇದ್ದದ್ದು ನಾನು ಕೂತಿದ್ದ ಕಡೆ.

ಮುಳ್ಳು ಇಳಿಯಿತು. ಹಾರಲಿಲ್ಲ. ಆಲಾಪನೆ ಹಾಗೇ ಸಾಗಿತು. ತಾನ ಶುರುವಾಗುವ ಹೊತ್ತಿಗೆ ಅವಳಿಗೆ ಕೆಮ್ಮು ಬಂತು. ಬಾಯಿಗೆ ಸೆರಗು ಒತ್ತಿ ತಡೆದಳು, ತಡೆಯಲಾಗದೆ ಎದ್ದು ಇನ್‌ಹೇಲರಿಗಾಗಿ ಒಳಕೋಣೆಗೆ ಹೋದಳು. ನಾನು ಹಿಂದೆ ಹೋಗಲಿಲ್ಲ. ಅವಳ ಬದಲಿಗೆ ಕೇಳಿಸಿಕೊಳ್ಳಲು ಒಬ್ಬರಿರಬೇಕಲ್ಲ, ಅದಕ್ಕೇ ಕೂತೆ ಎಂದು ಆಮೇಲೆ ಅಂದುಕೊಂಡೆ. ಆಗ ಹಾಗೆ ಅಂದುಕೊಂಡಿದ್ದೆನೇ, ಗೊತ್ತಿಲ್ಲ.

ಕೆಮ್ಮಿನ ನಡುವೆ ಒಳಗಿಂದ ಕೂಗಿದಳು. "ರೀ, ನಿಲ್ತಾ?"

"ಇಲ್ಲ," ಎಂದೆ. "ನಿಲ್ಲಲಿಲ್ಲ."

ವೈದ್ಯರು ಚಳಿಗಾಲ ಕಳೆಯುವವರೆಗೆ ಊರು ಬಿಡಲು ಹೇಳಿದರು. ರಜೆ ಹಾಕಿ ಮೈಸೂರಿಗೆ, ಅಕ್ಕನ ಮನೆಗೆ ಹೋದಳು. ಅಲ್ಲಿ ಎಲ್ಲರಿಗೂ ಹೇಳಿದ್ದಾಳೆ, ಮೇಷ್ಟ್ರದ್ದು ಬರೀ ಕತೆ, ನಮ್ಮನೆಯವರು ಕಿವಿಯಾರೆ ಕೇಳಿದ್ದಾರೆ ಅಂತ. ಅಕ್ಕನೂ ಫೋನಿಗೆ ಬಂದು, "ಹೌದೇನಪ್ಪಾ?" ಎಂದು ಕೇಳಿದರು. ಹೌದೆಂದೆ.

ನಾನು ಕೇಳಿರಲಿಲ್ಲ. ಆ ಇಪ್ಪತ್ತು ನಿಮಿಷವೂ ನಾನು ಮುಳ್ಳನ್ನು ನೋಡುತ್ತಿದ್ದೆ. ಅದು ಹಾರದೆ ಇರುವುದನ್ನು ನೋಡುತ್ತಿದ್ದೆ. ತಂಬೂರಿ ಇತ್ತೋ ಇಲ್ಲವೋ, ವೀಣೆಯೇ ಏನು ನುಡಿಯಿತೋ, ನನಗೆ ತಿಳಿಯದು.

ಒಬ್ಬನೇ ಇದ್ದಾಗ ಹಾಕಿ ಕೇಳಬಹುದಿತ್ತು. ಎರಡು ಸಲ ಕವರಿನಿಂದ ತೆಗೆದೆ, ಒಳಗಿಟ್ಟೆ. ಅವಳಿಗಿಂತ ಮೊದಲು ನಾನು ತಿಳಿದುಕೊಳ್ಳುವುದು ಇನ್ನೊಂದು ತಪ್ಪಾಗುತ್ತಿತ್ತು. ಅಥವಾ ದಣಿದಿದ್ದೆ, ಅಷ್ಟೇ ಇರಬಹುದು. ಅಷ್ಟರಲ್ಲಿ ಗಾಳಿ ಸ್ವಲ್ಪ ಸುಧಾರಿಸಿ ಪಕ್ಕದಲ್ಲಿ ಮತ್ತೆ ಗುದ್ದು ಶುರುವಾಯಿತು. ಅವಳು ಇಲ್ಲಿ ಉಸಿರಾಡಬಲ್ಲ ತಿಂಗಳುಗಳಲ್ಲಿ ಆ ಯಂತ್ರ ನಿಲ್ಲುವುದಿಲ್ಲ. ಅದನ್ನು ಲೆಕ್ಕ ಹಾಕಿ ನೋಡಿದ ದಿನ ಫೋನ್ ಮಾಡಿ, ನಾನು ಕೇಳಿಸಿಕೊಂಡಿರಲೇ ಇಲ್ಲವೆಂದು ಹೇಳಿಬಿಟ್ಟೆ.



"ಅಕ್ಕಂಗೆ ಮಾತ್ರ ಹೇಳ್ಬೇಡಿ," ಎಂದಳು. "ಅವಳು ಮೊದ್ಲಿಂದ ಮೇಷ್ಟ್ರ ಪಾರ್ಟಿ."

"ಕೋಪ ಇಲ್ವಾ?"

"ಇದೆ. ಸುಳ್ಳು ಹೇಳಿದ್ದಕ್ಕಲ್ಲ. ಕೆಮ್ಮುವಾಗ ನೀರು ಕೂಡ ತಂದ್ಕೊಡ್ಲಿಲ್ಲ ನೀವು."

ಅವಳೇ ಮುಂದುವರಿಸಿದಳು. "ರೆಕಾರ್ಡ್ ತಗೊಂಡ್ ಬನ್ನಿ ಇಲ್ಲಿಗೆ. ಕೈಯಲ್ಲೇ ಹಿಡ್ಕೊಂಡ್ ಬನ್ನಿ, ಲಗೇಜಿಗೆ ಹಾಕ್ಬೇಡಿ. ಪ್ಲೇಯರ್ ಯಾರತ್ರನಾದ್ರೂ ಸಿಗತ್ತೆ."

"ನಿಂತಿದ್ರೆ?"

"ನಿಂತಿದ್ರೆ ನಿಂತಿದೆ. ರೆಕಾರ್ಡಿಂಗ್ ದಿನ ಬೆಳಿಗ್ಗೆಯಿಂದ ಮೇಷ್ಟ್ರು ಒಂದು ತುತ್ತು ಊಟ ಹಾಕಿರ್ಲಿಲ್ಲ ನಂಗೆ."

ಟಿಕೆಟ್ ಆಗಿದೆ. ಊಟದ ಮಾತನ್ನು ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಎತ್ತಿರಲಿಲ್ಲ. ಆವತ್ತು ಫೋನಿನಲ್ಲಿ ಅವಳು ಹೇಳಿದ್ದೋ, ಬರೆಯುವಾಗ ನಾನು ಸೇರಿಸಿದ್ದೋ, ಹೋದ ಮೇಲೆ ಕೇಳಬೇಕು.