ಗೋಳಿಮರದಿಂದ ಡೈರಿ ಬಾಗಿಲಿನವರೆಗೆ

ಜಂಭ ಕೊಚ್ಚಿಕೊಳ್ಳಬಾರದು ಎಂದು ಅಮ್ಮ ಈಗಲೂ ಹೇಳುತ್ತಾಳೆ. ಈ ಒಂದು ವಿಷಯದಲ್ಲಿ ಮಾತ್ರ ನಾನು ಕೊಚ್ಚಿಕೊಳ್ಳುವವಳೇ.

ಸಾಲಿಗ್ರಾಮಕ್ಕಿಂತ ಸ್ವಲ್ಪ ಈಚೆ, ಬ್ರಹ್ಮಾವರದ ಕಡೆಗೆ, ಹೆದ್ದಾರಿ ಬದಿಯಲ್ಲಿ ನಮ್ಮೂರಿನ ಬಸ್ ಸ್ಟಾಪು. ಸ್ಟಾಪು ಎಂದರೆ ಒಂದು ಗೋಳಿಮರ, ಅಷ್ಟೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ತೊಂಬತ್ತೆಂಟರಲ್ಲಿ ಕುಂದಾಪುರದ ಕಾಲೇಜಿಗೆ ಪಿಯುಸಿ ವಿಜ್ಞಾನಕ್ಕೆ ಸೇರಿದ ನಾನು ದಿನಾ ಬೆಳಿಗ್ಗೆ ಎಂಟೂ ಹತ್ತರ ಎಕ್ಸ್‌ಪ್ರೆಸ್ಸಿಗೆ ಅಲ್ಲಿ ಕಾಯುತ್ತಿದ್ದೆ. ಆ ಬಸ್ಸು ಮರದ ಬುಡದಲ್ಲಿ ನಿಂತದ್ದನ್ನು ಕಂಡವರಿಲ್ಲ. ಮರದ ಹತ್ತಿರ ಬಂದ ಮೇಲೆ ಕಂಡಕ್ಟರ್ ಸೀಟಿ ಊದುತ್ತಿದ್ದ, ಆಗ ಡ್ರೈವರ್ ಬ್ರೇಕ್ ಒತ್ತುತ್ತಿದ್ದ, ಬಸ್ಸು ಮುಂದೆಲ್ಲೋ ಹೋಗಿ ನಿಲ್ಲುತ್ತಿತ್ತು. ಹೆಂಗಸರು, ಮುದುಕರು, ಶಾಲೆಯ ಮಕ್ಕಳು ಎಲ್ಲರೂ ಬೈದುಕೊಂಡು ಅದರ ಹಿಂದೆ ಓಡಬೇಕಿತ್ತು.

ಭೌತಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ ನನಗೆ ಇಪ್ಪತ್ತೈದಕ್ಕೆ ನಾಲ್ಕು. ಚಲನೆಯ ಮೂರೂ ಸೂತ್ರಗಳು ಬಾಯಿಪಾಠವಿದ್ದವು. ಯಾವ ಲೆಕ್ಕಕ್ಕೆ ಯಾವುದು ಎಂದು ಮಾತ್ರ ಗೊತ್ತಿರಲಿಲ್ಲ. ಹೈಸ್ಕೂಲಿನ ನನ್ನ ವೇಗೋತ್ಕರ್ಷ ಇಂಗ್ಲಿಷಿನಲ್ಲಿ ಆಕ್ಸಲರೇಷನ್ ಆಗಿ ಬಂದು ಎದುರು ನಿಂತಾಗ ಗುರುತೇ ಹತ್ತಲಿಲ್ಲ. ಲೆಕ್ಚರರು ಒಳ್ಳೆಯವರೇ. "ಆರ್ಟ್ಸಿಗೆ ಹೋದರೆ ನಿನಗೇ ಸುಲಭ. ಮುಂದಿನ ಸೋಮವಾರ ತಂದೆಯವರನ್ನು ಕರೆದುಕೊಂಡು ಬಾ" ಎಂದರು. ಸಾಲಿಗ್ರಾಮದಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಅಪ್ಪಯ್ಯ ಬೈಯಲಿಲ್ಲ. "ಆಯ್ಲಿ, ಬತ್ತೆ. ಕಷ್ಟ ಆತ್ತ್ ಅಂದ್ರೆ ಬಿಟ್ಟ್‌ಬಿಡುವ" ಎಂದರು. ನನಗೆ ಬಿಡುವ ಮನಸ್ಸಿರಲಿಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಬಸ್ಸನ್ನು ಅಳೆಯಲು ಹೊರಟೆ. ಪುಸ್ತಕದ ಲೆಕ್ಕದಲ್ಲೂ ಬಸ್ಸೇ ಇತ್ತು, ಕಣ್ಣೆದುರಿಗೂ ಬಸ್ಸೇ ಇತ್ತು. ಅಮ್ಮನ ಹೊಲಿಗೆಯ ಟೇಪಿನಿಂದ ಬಾವಿ ಹಗ್ಗವನ್ನು ಅಳೆದು, ಅದನ್ನು ಹಿಡಿದು ಗೆಳತಿಯೊಬ್ಬಳ ಜೊತೆ ರಸ್ತೆ ಬದಿ ನಡೆದೆ. "ಹ್ವಾಯ್, ರಸ್ತೆ ಯಾರಿಗ್ ಮಾರುದ್?" ಎಂದು ಸೈಕಲ್ ಶಾಪಿನವರು ತಮಾಷೆ ಮಾಡಿದರು. ಬಸ್ಸು ಬರುವ ದಿಕ್ಕಿನಲ್ಲಿದ್ದ ಮೋರಿಯಿಂದ ಗೋಳಿಮರಕ್ಕೆ ಅರವತ್ತು ಮೀಟರು. ಹೊತ್ತಿಗೆ ಸರಿಯಾಗಿ ಬಂದ ದಿನ ಬಸ್ಸು ಅದನ್ನು ನನ್ನ ಕೈಗಡಿಯಾರದ ಆರು ಸೆಕೆಂಡಿನಲ್ಲಿ ದಾಟುತ್ತಿತ್ತು, ಅಂದರೆ ಸೆಕೆಂಡಿಗೆ ಹತ್ತು ಮೀಟರು. ಅಂಥ ದಿನ ಅದು ನಿಲ್ಲುವುದು ಮರದಿಂದ ಇಪ್ಪತ್ತೈದು ಮೀಟರು ಮುಂದೆ, ಸೈಕಲ್ ಶಾಪಿನೆದುರು.

ಬ್ರೇಕು ಹಾಕಿದ ಮೇಲೆ ನಿಲ್ಲಲು ಎಷ್ಟು ಹೊತ್ತು ಹಿಡಿಯಿತು ಎಂದು ನಾನು ನೋಡಿರಲಿಲ್ಲ. ಅದೇ ಯೋಚನೆಯಲ್ಲಿದ್ದಾಗ ತಲೆಯೊಳಗೆ ದೀಪ ಹತ್ತಿತು. ಸಮಯ ಗೊತ್ತಿಲ್ಲದಿದ್ದರೆ ಮೂರನೆಯ ಸೂತ್ರ, ವೇಗದ ವರ್ಗದ್ದು! ಹತ್ತರ ವರ್ಗ ನೂರು. ಅದನ್ನು ದೂರದ ಎರಡರಷ್ಟರಿಂದ, ಅಂದರೆ ಐವತ್ತರಿಂದ, ಭಾಗಿಸಿದರೆ ಎರಡು. ಪ್ರತಿ ಸೆಕೆಂಡಿಗೂ ಬ್ರೇಕು ಬಸ್ಸಿನ ವೇಗದಲ್ಲಿ ಎರಡೆರಡನ್ನು ಕಳೆಯುತ್ತಿತ್ತು.

ಬಸ್ಸು ತಡವಾದ ದಿನದ ಕತೆಯೇ ಬೇರೆ. ಹಿಂದಿನ ಬಸ್ಸು ಪ್ಯಾಸೆಂಜರುಗಳನ್ನು ಹಾರಿಸಿಕೊಂಡು ಹೋದೀತೆಂದು ಡ್ರೈವರ್ ಜೋರಾಗಿ ಬಿಟ್ಟುಕೊಂಡು ಬರುತ್ತಿದ್ದ. ಅಂಥ ಎರಡು ದಿನ ನೋಡಿದೆ. ಎರಡು ಸಲವೂ ನಾಲ್ಕೇ ಸೆಕೆಂಡು, ಅಂದರೆ ಹದಿನೈದು ಮೀಟರಿನ ವೇಗ. ಎಲ್ಲಿ ನಿಂತಿತು ಎಂದು ಗುರುತು ಹಾಕಿಕೊಳ್ಳಲು ಓಡುವವಳಿಗೆ ಪುರುಸೊತ್ತೆಲ್ಲಿ? ಬ್ರೇಕು ಕಳೆಯುವುದು ಅದೇ ಎರಡೆರಡು ಎಂದಿಟ್ಟುಕೊಂಡು ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ವೇಗ ಒಂದೂವರೆ ಪಾಲಾದರೆ ದೂರ ಎರಡು ಪಾಲಿಗಿಂತಲೂ ಹೆಚ್ಚಾಗಿ, ಐವತ್ತಾರು ಮೀಟರಿಗೆ ಹೋಯಿತು. ಹಗ್ಗ ಹಿಡಿದು ನೋಡಿದರೆ ಅದು ಹಾಲಿನ ಡೈರಿಯ ಬಾಗಿಲು.

ಸೋಮವಾರ ಬಂತು. ಅಪ್ಪಯ್ಯ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಕೊಡೆ ಹಿಡಿದು, ಮಂಡಿ ನೋವಿನ ಕಾಲೆಳೆದುಕೊಂಡು ಗೋಳಿಮರದಡಿಗೆ ಬಂದರು. ಎಂಟೂ ಇಪ್ಪತ್ತಾದರೂ ಬಸ್ಸಿಲ್ಲ.

"ಅಪ್ಪಯ್ಯ, ಬನ್ನಿ, ಡೈರಿ ಹತ್ರ ನಿಲ್ಲುವ."

"ಅಲ್ಲೆಂತಕೆ? ಹಾಲ್ ತಕಂಬುಕಾ?"

"ಇವತ್ ಬಸ್ಸ್ ನಿಲ್ಲುದ್ ಅಲ್ಲೇ."

"ಯಾರ್ ಹೇಳದ್?"

"ನಾನೇ ಲೆಕ್ಕ ಹಾಕಿದ್ದ್."

ಗೊಣಗಿಕೊಂಡೇ ಬಂದರು. ಲೆಕ್ಕ ತಪ್ಪಿದರೆ ಆ ಮಂಡಿಯಲ್ಲಿ ಅಪ್ಪಯ್ಯ ಓಡಬೇಕು. ಮತ್ತೆ ವಿಜ್ಞಾನದ ಮಾತು ಯಾವ ಬಾಯಲ್ಲಿ ಎತ್ತಲಿ? ಅಷ್ಟರಲ್ಲಿ ಮೋರಿಯ ಕಡೆಯಿಂದ ಹಾರ್ನ್ ಕೇಳಿತು. ಮರದ ಹತ್ತಿರ ಸೀಟಿ. ಬಸ್ಸು ಸೈಕಲ್ ಶಾಪನ್ನು ದಾಟಿತು, ಜನ ಹಿಂದಿನಿಂದ ಓಡತೊಡಗಿದರು. ಕಿರ್ರೆಂದು ಸದ್ದು ಮಾಡುತ್ತಾ ನಿಧಾನವಾಗಿ, ಇನ್ನೂ ನಿಧಾನವಾಗಿ, ಡೈರಿಯೆದುರು ಬಂದು ನಿಂತಿತು. ಮುಂದಿನ ಬಾಗಿಲು ಅಪ್ಪಯ್ಯನ ಕೊಡೆಗೆ ತಾಗುವುದೊಂದು ಬಾಕಿ.

ಅಪ್ಪಯ್ಯ ಬಾಗಿಲು ನೋಡಿದರು, ನನ್ನನ್ನು ನೋಡಿದರು, ಆರಾಮವಾಗಿ ಹತ್ತಿ ಕಿಟಕಿ ಬದಿಯಲ್ಲಿ ಕೂತರು. ಉಳಿದವರು ಏದುಸಿರು ಬಿಡುತ್ತಾ ಹತ್ತುವುದನ್ನು ನೋಡಿದರು. ಆಮೇಲೆ, "ಅದ್ ಹ್ಯಾಂಗ್ ಗೊತ್ತಾಯ್ತ್, ಹೇಳ್ ಕಾಂಬ" ಎಂದರು. ಹೇಳಿದೆ. ವರ್ಗ ಎಂದಾಗ ಹುಬ್ಬು ಗಂಟಾಯಿತು, ಆದರೂ ಪೂರ್ತಿ ಕೇಳಿದರು.

ಕಾಲೇಜಿನಲ್ಲಿ ಲೆಕ್ಚರರು ಮಾತು ಶುರು ಮಾಡುವ ಮೊದಲೇ ಅಪ್ಪಯ್ಯ ಹೇಳಿದರು: "ಇನ್ನೊಂದ್ ಪರೀಕ್ಷೆ ಆಯ್ಲಿ ಸಾರ್. ನಮ್ ಹೆಣ್ಣಿಗ್ ಲೆಕ್ಕ ಬತ್ತ್. ನಾನೇ ಕಂಡಿದ್ದೆ."

ಮುಂದಿನ ಪರೀಕ್ಷೆಯಲ್ಲಿ ಇಪ್ಪತ್ತಮೂರು ಬಂತು. ಈಗ ಬೈಂದೂರಿನಲ್ಲಿ ನಾನೇ ಭೌತಶಾಸ್ತ್ರ ಕಲಿಸುತ್ತೇನೆ. ಚಲನೆಯ ಪಾಠವನ್ನು ಆ ಎಕ್ಸ್‌ಪ್ರೆಸ್ಸಿನಿಂದಲೇ ಶುರು ಮಾಡುತ್ತೇನೆ. ಆದರೆ ಜಂಭದಲ್ಲಿ ಅಪ್ಪಯ್ಯ ನನ್ನನ್ನೂ ಮೀರಿಸಿದರು. ಆಮೇಲೆ ಎಷ್ಟೋ ವರ್ಷ, ಬಸ್ಸು ತಡವಾದ ದಿನವೆಲ್ಲ ಅವರು ಡೈರಿ ಬಾಗಿಲಲ್ಲಿ ನಿಂತು, ಮರದಡಿಯಲ್ಲಿದ್ದವರನ್ನು ಕೊಡೆ ಎತ್ತಿ ಕರೆಯುತ್ತಿದ್ದರು:

"ಹ್ವಾಯ್, ಇಲ್ ಬನ್ನಿ! ಓಡುದ್ ಬ್ಯಾಡ. ನಮ್ ಹೆಣ್ಣ್ ಲೆಕ್ಕ ಹಾಕಿ ಇಟ್ಟಿತ್ತ್."